ಅಡ್ಡಿಲ್ಲ ಎಂದದ್ದು

ಆ ದಿನ ಬೆಳಿಗ್ಗೆಯೂ ತೆಳ್ಳೇವೇ, ನಮ್ಮ ಕಡೆಯ ತೆಳು ದೋಸೆ, ಮಾಡಿದ್ದೆ. ಅಟ್ಟದಲ್ಲಿ ತೂಗುಹಾಕಿದ್ದ ಕೊನೆಯ ಮೊಗೆಕಾಯಿಯನ್ನು ತುರಿದು ಅಕ್ಕಿಯ ಜೊತೆ ರುಬ್ಬಿದ್ದೆ. ಮಕ್ಕಳ ಡಬ್ಬಿ ಎರಡು, ಯಜಮಾನರ ಡಬ್ಬಿ ಒಂದು. ಸಣ್ಣವಳ ಟೈಯ ಎಲಾಸ್ಟಿಕ್ಕು ಸಡಿಲವಾಗಿತ್ತು, ಪಿನ್ನು ಚುಚ್ಚಿ ಕಳಿಸಿದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸು ಬಂದ ದಿನಕ್ಕೆ ‘ಗ್ಯಾ’ ಎಂದೂ ಮಕ್ಕಳ ಪರೀಕ್ಷೆಗೆ ‘ಪ’ ಎಂದೂ ಪೆನ್ಸಿಲಿನಲ್ಲಿ ಬರೆಯುವುದು ನನ್ನ ಅಭ್ಯಾಸ. ಆ ದಿನದ ಚೌಕದಲ್ಲಿ ‘ಕೋ’ ಎಂದಿತ್ತು. ಕೋರ್ಟು.

ಎಂಟೂವರೆಗೆ ಅವಳು ಬಂದಳು. ನಮ್ಮ ಮನೆಗೆ ಆರು ವರ್ಷದಿಂದ ಪಾತ್ರೆ-ಬಟ್ಟೆಗೆ ಬರುತ್ತಿದ್ದವಳು. ಅಂದು ಕೆಲಸಕ್ಕಲ್ಲ, ನನ್ನನ್ನು ಕರೆದುಕೊಂಡು ಕೋರ್ಟಿಗೆ ಹೋಗಲಿಕ್ಕೆ ಬಂದದ್ದು. ಪೆಟ್ಟಿಗೆಯ ಮಡಿಕೆ ಹಾಗೇ ಉಳಿದಿದ್ದ ಹಸಿರು ಸೀರೆ ಉಟ್ಟಿದ್ದಳು. ನಾನು ತಲೆ ಬಾಚಿ ಬರುವಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು ಪಾತ್ರೆ ತೊಳೆಯುತ್ತ ಕೂತಿದ್ದಳು.

“ಇವತ್ತಾದ್ರೂ ಬಿಡೇ. ಸೀರೆ ಒದ್ದೆ ಆಗ್ತದೆ.”

“ಕೈ ಸುಮ್ನೆ ಇರೂದಿಲ್ಲ ಅಮ್ಮಾ. ಇದೊಂದು ಬಾಣಲೆ.”

ಅವಳ ಗಂಡ ಐದು ತಿಂಗಳಿಂದ ಜೈಲಿನಲ್ಲಿದ್ದ. ಅವನು ಮನೆಗಳಿಗೆ ಸುಣ್ಣ-ಬಣ್ಣ ಬಳಿಯುವವನು. ಕಿವಿಯ ಹಿಂದೆ ಯಾವಾಗಲೂ ಒಂದು ಚುಕ್ಕೆ ಬಿಳಿ ಉಳಿದಿರುತ್ತಿತ್ತು. ಅವನ ಕೇಸು ಅಂದು ಮೊದಲ ಬಾರಿಗೆ ನಿಜವಾಗಿ ಶುರುವಾಗಲಿಕ್ಕಿತ್ತು.

ಯಾವ ಊರಿನ ಕೋರ್ಟು ಎಂದು ಬರೆಯುವುದಿಲ್ಲ. ಯಜಮಾನರಿಗೆ ವರ್ಗದ ಕೆಲಸ. ತೊಂಬತ್ತರ ದಶಕವಿಡೀ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಬಾಡಿಗೆ ಮನೆ ಬದಲಿಸಿದ್ದೇ ಬದಲಿಸಿದ್ದು. ಇದು ಆ ಮೂರರಲ್ಲೊಂದು ಊರಿನ ಮಾತು.

ಶುರುವಾದದ್ದು ನನ್ನ ಕೈಯಿಂದ.

ಚೌತಿಗೆ ಮೊದಲು ಪಕ್ಕದ ಮನೆಗೆ ಬಣ್ಣ ಹೊಡೆಸಿದರು. ಪಕ್ಕದ ಮನೆಯವರು ನನಗಿಂತ ಹತ್ತು ವರ್ಷ ದೊಡ್ಡವರು, ಸಂಬಂಧವೇನೂ ಇಲ್ಲದಿದ್ದರೂ ನಾನು ಅತ್ತಿಗೆ ಎನ್ನುತ್ತಿದ್ದೆ. ಒಳ್ಳೆಯವರೇ. ಉಪ್ಪಿನಕಾಯಿ ಮಾಡಿದರೆ ಮೊದಲ ಬಟ್ಟಲು ನಮ್ಮ ಮನೆಗೆ. ಬಣ್ಣದವನು ಬೇಕು ಎಂದಾಗ ಇವನ ಹೆಸರು ಹೇಳಿದವಳು ನಾನೇ. ಬಣ್ಣ ಮುಗಿದ ನಾಲ್ಕನೇ ದಿನ ಅತ್ತಿಗೆ ಒಂದು ಬಿಳಿ ಹಾಳೆ ಹಿಡಿದುಕೊಂಡು ಬಂದರು.

“ಕೂಸೇ, ನಿನ್ನ ಅಕ್ಷರ ಮುತ್ತಿನ ಹಾಂಗೆ ಇದ್ದು. ಒಂದು ಅರ್ಜಿ ಬರ್ಕೊಡು. ಯನ್ನ ಸರ ಕಾಣ್ತಿಲ್ಲೆ.”

ನಾನು ಕಾನ್ವೆಂಟಿನಲ್ಲಿ ಕಲಿತವಳು. ಪತ್ರ ಬರೆಯುವುದೆಂದರೆ ಎಡಗಡೆ ಅಂಚು ಬಿಟ್ಟು, ತಾರೀಖು ಹಾಕಿ, ‘ಮಾನ್ಯರೇ’ ಎಂದು ಶುರುಮಾಡಬೇಕು. ಹಾಗೇ ಮಾಡಿದೆ.

“ಒಂದೆಳೆ ಸರವನಾ? ಕೊಂಡಿ ಎಂತದ್ದು ಅತ್ತಿಗೆ? ಗುರುತಿಗೆ ಬರೆಯವು.”

“ಕೊಂಡಿ ತಗಂಡು ಪೊಲೀಸ್ರು ಎಂತ ಮಾಡ್ತ ಮಾರಾಯ್ತಿ? ಒಂದೆಳೆ ಬಂಗಾರದ ಸರ ಹೇಳಿ ಬರೆ, ಸಾಕು.”

“ಯಾರ ಮೇಲೆ ಅನುಮಾನ ಹೇಳಿ ಕೇಳಿರೆ?”

“ಅನುಮಾನ ಹೇಳೇ ಅಲ್ಲ. ಬಣ್ಣ ಹೊಡೆವ ದಿನ ಒಳಗೆ ಬಂದವ ಬಣ್ಣದವ ಒಬ್ಬನೇ ಹೇಳಿ ಬರೆ. ಬಂದಿದ್ದಂತೂ ಹೌದಲಿ?”

ಬಂದಿದ್ದಂತೂ ಹೌದು. ಬರೆದೆ. ಕೊನೆಗೆ ‘ತಮ್ಮ ವಿಧೇಯ’ ಎಂದು ಬರೆದು, ಅದರ ಕೆಳಗೆ ಅವರ ಸಹಿಗೆ ಜಾಗ ಬಿಟ್ಟೆ. ಕೊಂಡಿಯ ವಿಷಯ ಬರೆಯಲಿಲ್ಲ.

ಅರ್ಜಿ ಎಂದರೆ ರಜೆಯ ಅರ್ಜಿಯ ಹಾಗೆ, ಬೇಡವಾದರೆ ಹಿಂದಕ್ಕೆ ಪಡೆಯಬಹುದು ಎಂದುಕೊಂಡಿದ್ದೆ. ಠಾಣೆಯ ಮೆಟ್ಟಿಲು ಹತ್ತಿದ ಮೇಲೆ ಅದರ ಹೆಸರೇ ಬದಲಾಯಿತು. ಅದು ಫಿರ್ಯಾದು. ಅದನ್ನು ಅವರ ಪುಸ್ತಕದಲ್ಲಿ ಬರೆದು ಒಂದು ನಂಬರು ಕೊಟ್ಟರೆ ಎಫ್‌ಐಆರ್. ನಂಬರು ಬಿದ್ದ ಮೇಲೆ ಅದು ಅತ್ತಿಗೆಯದೂ ಅಲ್ಲ, ನನ್ನದೂ ಅಲ್ಲ, ಸರಕಾರದ್ದು.

ಎರಡು ದಿನದಲ್ಲಿ ಪೊಲೀಸರು ಬಣ್ಣದವನ ಮನೆಯ ತಗಡಿನ ಪೆಟ್ಟಿಗೆಯಿಂದ ಒಂದು ಸರ ತೆಗೆದರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದು ನಿಲ್ಲಿಸಿ, ಇಂಥ ಕಡೆ ಇಂಥ ವಸ್ತು ಸಿಕ್ಕಿತು ಎಂದು ಬರೆದು ಅವರ ಸಹಿ ಹಾಕಿಸಿದರು. ಅದು ಪಂಚನಾಮೆ. ಸಿಕ್ಕಿದ ಸರ ಮುದ್ದೆಮಾಲು. ಅತ್ತಿಗೆಯನ್ನು ಠಾಣೆಗೆ ಕರೆಸಿದರು. ಸಾಹೇಬರ ಅಂಗೈಯಲ್ಲಿ ಮುದುಡಿಕೊಂಡಿದ್ದ ಸರವನ್ನು ದೂರದಿಂದಲೇ ನೋಡಿ “ನಂದೇ” ಎಂದು ಬಂದರು. ಬಣ್ಣದವನನ್ನು ದಸ್ತಗಿರಿ ಮಾಡಿದರು.

ಮಾರನೇ ದಿನ ಅವನ ಹೆಂಡತಿ ನಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅಳಲಿಲ್ಲ. ಹೇಳಿದಳು, ಅಷ್ಟೇ.

“ಅದು ನಮ್ಮ ಅವ್ವಂದು ಅಮ್ಮಾ. ಉಮ್ಮಚಗಿ ಕಡೆ ಒಂದು ಮನೇಲಿ ಇಪ್ಪತ್ತು ವರ್ಷ ದುಡಿದು ಮಾಡ್ಸಿದ್ದು. ಸಾಯೂಕೆ ಮೊದ್ಲು ನಂಗೆ ಕೊಟ್ಳು. ತಿರುಪಿನ ಕೊಂಡಿ. ಅಷ್ಟು ಬಿಗಿ, ಕೈಯಲ್ಲಿ ಬಿಚ್ಚೂಕೆ ಬರೂದಿಲ್ಲ.”

“ಪೊಲೀಸರಿಗೆ ಹೇಳಿದ್ಯಾ?”

“ಹೇಳ್ದೆ. ‘ನಿನ್ನ ಅವ್ವಂದೋ ಅಜ್ಜಿದೋ, ಎಲ್ಲ ಕೋರ್ಟಲ್ಲಿ ಹೇಳು’ ಅಂದ್ರು.”

ನಾನು ಅವಳನ್ನು ನಂಬಿದೆ ಎಂದರೆ ಸುಳ್ಳು. ನಂಬಲಿಲ್ಲ ಎಂದರೂ ಸುಳ್ಳು. ಆರು ವರ್ಷದಲ್ಲಿ ಅವಳ ಕೊರಳಲ್ಲಿ ಕರಿಮಣಿ ಬಿಟ್ಟು ಬೇರೇನನ್ನೂ ನಾನು ಕಂಡಿರಲಿಲ್ಲ. ಕಾಂಪೌಂಡಿನ ಆಚೆ ಹೋಗಿ “ಅತ್ತಿಗೆ, ನಿಮ್ಮ ಸರದ ಕೊಂಡಿ ಎಂಥದ್ದು?” ಎಂದು ಕೇಳುವುದು ಎರಡು ನಿಮಿಷದ ಕೆಲಸ. ಕೇಳಿದರೆ ಅವರನ್ನು ಸುಳ್ಳಿ ಎಂದಂತೆ. ಉಪ್ಪಿನಕಾಯಿ ಬಟ್ಟಲು ವಾಪಸು ಕೊಡಲು ಎಷ್ಟೋ ಸಲ ಹೋದೆ. ಖಾಲಿ ಬಟ್ಟಲು ಕೊಡಬಾರದೆಂದು ಸಕ್ಕರೆ ಹಾಕಿಕೊಂಡು ಹೋದೆ. ಕೇಳಲಿಲ್ಲ.

ಶಾಲೆಯಲ್ಲಿ ನಮಗೆ ಕಠಿಣ ಪದಗಳಿಗೆ ಒಂದು ವಹಿ ಇರುತ್ತಿತ್ತು, ಎಡಕ್ಕೆ ಪದ, ಬಲಕ್ಕೆ ಅರ್ಥ. ಮಗಳ ಹಳೆಯ ರಫ್ ವಹಿಯ ಹಿಂದಿನ ಹಾಳೆಗಳಲ್ಲಿ ಹಾಗೇ ಬರೆಯತೊಡಗಿದೆ. ಅವಳಿಗೆ ಓದು ಬಾರದು. ಯಾವ ಚೀಟಿ ಬಂದರೂ ನನ್ನ ಹತ್ತಿರ ತರುತ್ತಿದ್ದಳು, ನಾನು ವಹಿಯಲ್ಲಿ ಬರೆದುಕೊಂಡು ಅವಳಿಗೆ ಬಿಡಿಸಿ ಹೇಳುತ್ತಿದ್ದೆ. ರಿಮಾಂಡು ಎಂದರೆ ಶಿಕ್ಷೆಯಲ್ಲ, ತನಿಖೆ ಮುಗಿಯುವವರೆಗೆ ಒಳಗಿಡುವುದು. ಹದಿನೈದು ದಿನಕ್ಕೊಮ್ಮೆ ಮುಂದಕ್ಕೆ ಹಾಕುತ್ತಾರೆ.

“ಶಿಕ್ಷೆ ಅಲ್ದಿದ್ರೆ ಮನೆಗೆ ಯಾಕೆ ಬಿಡೂದಿಲ್ಲ?”

ನಾನು ವಹಿಯಲ್ಲಿ ಮುಂದಿನ ತಾರೀಖು ಬರೆದುಕೊಂಡೆ.

ಎರಡನೇ ತಿಂಗಳಿಗೆ ಜಾಮೀನು ಸಿಕ್ಕಿತು. ಓಡಿಬಂದು ಹೇಳಿದ್ದಳು, ನಾನು ಅವಳ ಕೈಗೆ ಬೆಲ್ಲ ಕೊಟ್ಟಿದ್ದೆ. ಆಮೇಲೆ ತಿಳಿಯಿತು, ಜಾಮೀನು ಸಿಕ್ಕರೆ ಸಾಲದು, ಜಾಮೀನುದಾರ ಸಿಗಬೇಕು. ಪಹಣಿ ಇರುವವರು ಬಂದು ಇವನು ಕರೆದಾಗ ಬರುತ್ತಾನೆ ಎಂದು ಸಹಿ ಹಾಕಬೇಕು. ಅವನ ಅಣ್ಣತಮ್ಮಂದಿರಿಗೆ ಜಮೀನಿಲ್ಲ. ಯಜಮಾನರ ಹೆಸರಿನಲ್ಲಿ ಮನ್ಮನೆ ಕಡೆ ಸ್ವಲ್ಪ ಗದ್ದೆ ಇತ್ತು.

“ಒಂದು ಸಹಿ ಅಲ್ದಾ?” ಎಂದೆ ಊಟಕ್ಕೆ ಬಡಿಸುತ್ತ.

“ಫಿರ್ಯಾದು ಬರೆದವ್ಳು ನೀನು, ಜಾಮೀನು ಕೊಡುವವ ಆನು. ಚಲೋ ಕಾಣ್ತು. ಪಕ್ಕದ ಮನೆಯವ್ರ ಮೋರೆ ಹ್ಯಾಂಗೆ ನೋಡದು?”

ಹುಳಿ ಬಡಿಸಿದೆ. ಮತ್ತೆ ಕೇಳಲಿಲ್ಲ. ಅವನು ಜಾಮೀನು ಸಿಕ್ಕವನಾಗಿಯೇ ಘಟ್ಟದ ಕೆಳಗಿನ ಜೈಲಿನಲ್ಲಿ ಉಳಿದ.

ಅಷ್ಟರಲ್ಲಿ ಪೊಲೀಸರು ಹಿಡಿದಿದ್ದ ಸರ ಅತ್ತಿಗೆಯ ಕೈಗೆ ಬಂದಿತ್ತು. ಕೋರ್ಟು ಕೇಳಿದಾಗ ತರುತ್ತೇನೆ, ಮುರಿಸುವುದಿಲ್ಲ, ಮಾರುವುದಿಲ್ಲ ಎಂದು ಬರೆದುಕೊಟ್ಟು ಬಿಡಿಸಿಕೊಂಡು ಬಂದಿದ್ದರು. “ಕೇಸು ಮುಗಿಯವರೆಗೆ ಮುಟ್ಟಲಾಗ ಹೇಳಿದ್ದ. ಅರಿವೆ ಗಂಟು ಹಾಂಗೇ ಕಪಾಟಿನಲ್ಲಿ ಇದ್ದು” ಎಂದು ನನಗೆ ಹೇಳಿದ್ದರು.

ಚಾರ್ಜ್‌ಶೀಟು ಬಂತು. ಸರಕಾರದ ಕಡೆಯಿಂದ ಪುಕ್ಕಟೆ ಕೊಟ್ಟ ವಕೀಲರು ಚಿಕ್ಕ ಪ್ರಾಯದವರು, ಕೋಟಿನ ತೋಳು ಉದ್ದವಾಗಿತ್ತು. ಅವರು ನನಗೆ ಚೆನ್ನಾಗಿಯೇ ವಿವರಿಸಿದರು. ಮೊದಲು ಆರೋಪ ಓದಿ ಹೇಳುತ್ತಾರೆ. ಒಪ್ಪುವುದಿಲ್ಲ, ವಿಚಾರಣೆ ಬೇಕು ಎನ್ನಬೇಕು. ಆಮೇಲೆ ಸಾಕ್ಷಿಗಳು ಬರುತ್ತಾರೆ, ಸರ ಮೇಜಿನ ಮೇಲೆ ಬರುತ್ತದೆ. “ಅವತ್ತು ನಾನು ಕೇಳ್ತೆ ಅಕ್ಕಾ, ಈ ಕೊಂಡಿ ಯಾವ ತರಹದ್ದು, ಬಿಚ್ಚಿ ತೋರ್ಸಿ ಅಂತ. ಇಡೀ ಕೇಸು ಆ ಕೊಂಡಿ ಮೇಲೆ ನಿಂತಿದ್ದು.”

ಇಷ್ಟು ಗೊತ್ತಾದ ಮೇಲೆ ಅವಳು ದಿನ ಎಣಿಸತೊಡಗಿದ್ದಳು. ವಿಚಾರಣೆ ಎಂಬ ಪದ ಅವಳ ಬಾಯಲ್ಲಿ ಹಬ್ಬದ ಹೆಸರಿನ ಹಾಗೆ ಬರುತ್ತಿತ್ತು. “ವಿಚಾರಣೆ ದಿವ್ಸ ನಾನೇ ಬಿಚ್ಚಿ ತೋರಿಸ್ತೆ ಅಮ್ಮಾ. ಹಲ್ಲಲ್ಲಿ ಕಚ್ಚಿ ತಿರುಗಿಸ್ಬೇಕು. ಅವ್ವಂಗೆ ಗೊತ್ತಿತ್ತು, ನಂಗೆ ಗೊತ್ತುಂಟು. ಬೇರೆ ಯಾರಿಗೂ ಗೊತ್ತಿಲ್ಲ.”

ಹೀಗೆ ಆ ದಿನ ಹತ್ತೂವರೆಗೆ ಕೋರ್ಟಿನ ಜಗಲಿಯಲ್ಲಿ ನಿಂತೆವು. ಅವನನ್ನು ಇಬ್ಬರು ಪೊಲೀಸರು ಬಸ್ಸಿನಲ್ಲಿ ಕರೆತಂದಿದ್ದರು. ತೆಳ್ಳಗಾಗಿದ್ದ. ಕಿವಿಯ ಹಿಂದಿನ ಬಿಳಿ ಚುಕ್ಕೆ ಹೋಗಿತ್ತು. ಹೆಂಡತಿಯ ಹಸಿರು ಸೀರೆ ನೋಡಿ “ಮದ್ವೆಗೆ ಹೊರಟಂಗೆ ಬಂದೀಯಲ್ಲೇ” ಎಂದ. ಅವಳು ನಕ್ಕಳು. ಐದು ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ಅಂದೇ ನೋಡಿದ್ದು.

ವಕೀಲರು ಫೈಲುಗಳ ಕಟ್ಟು ಹೊತ್ತು ಓಡಿ ಬಂದರು. “ನೋಡು, ಒಪ್ತೀಯಾ ಅಂತ ಕೇಳ್ತಾರೆ. ಇಲ್ಲ ಅನ್ನು. ಅಷ್ಟೇ. ಬೇರೆ ಕತೆ ಎಲ್ಲ ಬೇಡ.” ಮತ್ತೊಂದು ಕೋಣೆಯಿಂದ ಯಾರೋ ಕರೆದರು, ಅವರು ಹೋದರು.

ಅವನು ನನ್ನ ಕಡೆ ತಿರುಗಿದ.

“ಸಾಹೇಬ್ರ ಎದುರು ನಿಂತು ‘ಇಲ್ಲ’ ಅಂತ ಹೇಳೂದು ಹೆಂಗೆ ಅಮ್ಮಾ? ಸಿಟ್ಟು ಬರೂದಿಲ್ವಾ?”

ಅವನು ಯಾರ ಎದುರೂ ಆ ಪದ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆಗ ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

“ಒರಟಾಗಿ ಹೇಳಬೇಡ. ನಿಧಾನಕ್ಕೆ, ಮರ್ಯಾದೆಯಿಂದ ಹೇಳು.”

ಸಿಪಾಯಿ ಮೂರು ಸಲ ಅವನ ಹೆಸರು ಕೂಗಿದ. ನಾವು ಹಿಂದಿನ ಬೆಂಚಿನಲ್ಲಿ ಕೂತೆವು. ನ್ಯಾಯಾಧೀಶರು ಮೈಸೂರು ಕಡೆಯವರು, ಬಂದು ಎರಡು ತಿಂಗಳಾಗಿತ್ತಂತೆ. ಕೆಟ್ಟವರಲ್ಲ. ದನಿ ಏರಿಸಲಿಲ್ಲ. ಆರೋಪವನ್ನು ತಾವೇ ಓದಿ, ಆಡುಮಾತಿನಲ್ಲಿ ಮತ್ತೊಮ್ಮೆ ಹೇಳಿದರು.

“ಅರ್ಥ ಆಯ್ತಾಪ್ಪ?”

“ಆಯ್ತು ಸ್ವಾಮಿ.”

“ಒಪ್ಕೋತೀಯಾ?”

ಅವನು ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡಿದ. ಕೈ ಜೋಡಿಸಿದ.

“ಅಡ್ಡಿಲ್ಲ ಸ್ವಾಮಿ.”

ಈ ಮಾತನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಊಟ ಹೇಗಿತ್ತು ಎಂದರೆ ಅಡ್ಡಿಲ್ಲ. ಜ್ವರ ಹೇಗಿದೆ ಎಂದರೆ ಅಡ್ಡಿಲ್ಲ. ನಾಳೆ ಕೆಲಸಕ್ಕೆ ಬರುತ್ತೀಯಾ ಎಂದರೆ, ಬಾರದವನೂ ಅಡ್ಡಿಲ್ಲ ಎಂದೇ ಹೇಳಿ ಹೋಗುತ್ತಾನೆ. ಬಾರದಿದ್ದಾಗ ಯಾರೂ ಅವನನ್ನು ಸುಳ್ಳ ಎನ್ನುವುದಿಲ್ಲ. ದೊಡ್ಡವರ ಎದುರು ಬರಿಯ ‘ಇಲ್ಲ’ ಬಾಯಿಗೆ ಬಾರದವರು ಇದನ್ನು ಹೇಳುತ್ತಾರೆ. ಇದರ ಬಾಲದಲ್ಲಿ ಒಂದು ‘ಇಲ್ಲ’ ಇದೆಯಲ್ಲ. ಅವನು ಆ ಇಲ್ಲವನ್ನೇ ಹೇಳಿದ್ದ, ನಿಧಾನಕ್ಕೆ, ಮರ್ಯಾದೆಯಿಂದ.

“ಒಪ್ಪಿಕೊಳ್ಳೋದಕ್ಕೆ ನಿನಗೆ ಅಡ್ಡಿ ಇಲ್ಲ, ಅಲ್ವಾ?” ಎಂದರು ಅವರು. “ಯೋಚನೆ ಮಾಡಿ ಹೇಳು. ಯಾರಾದರೂ ಹೆದರಿಸಿದ್ದಾರಾ?”

“ಹೆದ್ರಿಕೆ ಎಂತದೂ ಇಲ್ಲ ಸ್ವಾಮಿ.”

“ಒಪ್ಪಿದರೆ ಶಿಕ್ಷೆ ಆಗುತ್ತೆ. ಗೊತ್ತಾ?”

“ಅಡ್ಡಿಲ್ಲ. ನಿಮಗೆ ಕಂಡಂಗೆ.”

ಟೈಪ್‌ರೈಟರಿನ ಸದ್ದು ಶುರುವಾಯಿತು. ವಕೀಲರು ಆಗಷ್ಟೇ ಒಳಗೆ ಬಂದು ಕಟ್ಟಿನಲ್ಲಿ ಈ ಫೈಲನ್ನು ಹುಡುಕುತ್ತಿದ್ದರು. ಅವನ ‘ಇಲ್ಲ’ವನ್ನು ‘ಹೌದು’ ಎಂದು ಬರೆಯುತ್ತಿದ್ದಾರೆಂದು ನನಗೆ ತಿಳಿಯಿತು. ಆ ಕೋಣೆಯಲ್ಲಿ ಬೇರೆಯವರಿಗೂ ತಿಳಿದಿರಬೇಕು, ಸಿಪಾಯಿ ನಮ್ಮ ಊರವನೇ. ನಾನು ಎದ್ದು ನಿಲ್ಲಲಿಲ್ಲ. ಬಲಗೈ ಎತ್ತಿದೆ. ಸಿಸ್ಟರ್ ಕಲಿಸಿದ ಹಾಗೆ, ಮೊಣಕೈ ಮಡಚಿ, ಬೆರಳು ಜೋಡಿಸಿ. ಕೇಳುವವರೆಗೆ ಮಾತಾಡಬಾರದು, ಕೈ ಎತ್ತಿ ಕಾಯಬೇಕು. ಕಾದೆ. ಸಿಪಾಯಿ ನನ್ನನ್ನು ನೋಡಿ, ಕೆಳಗಿಳಿಸಿ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದ. ಇಳಿಸಿದೆ.

ಒಂದು ವರ್ಷದ ಸಜೆ. ಒಳಗೆ ಕಳೆದ ಐದು ತಿಂಗಳು ಅದರಲ್ಲಿ ವಜಾ. ಬರುವ ಚೌತಿಯ ಹೊತ್ತಿಗೆ ಬಿಡುಗಡೆ. ಎಲ್ಲ ಸೇರಿ ಒಂದು ಕೊಡ ನೀರು ತುಂಬುವಷ್ಟು ಹೊತ್ತು ಹಿಡಿದಿರಲಿಕ್ಕಿಲ್ಲ.

ಜಗಲಿಗೆ ಬಂದಾಗ ಅವನ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಹೆಂಡತಿಗೆ ಹೇಳಿದ, “ಸಾಹೇಬ್ರು ಒಳ್ಳೆಯವ್ರು. ಸಿಟ್ಟು ಮಾಡ್ಲಿಲ್ಲ.” ಆಮೇಲೆ ವಕೀಲರನ್ನು ಕೇಳಿದ, “ಸರದ್ದು ಕೇಳೂಕೆ ಯಾವಾಗ ಕರೀತಾರೆ?”

ವಕೀಲರು ನೆಲ ನೋಡಿದರು. “ಇನ್ನು ಕರೆಯೂದಿಲ್ಲ. ನೀನು ಒಪ್ಪಿದೆಯಲ್ಲ ಮಾರಾಯಾ. ಮುಗೀತು.”

“ನಾನೆಲ್ಲಿ ಒಪ್ದೆ?”

ಜೊತೆಗಿದ್ದ ಪೊಲೀಸಿನವನು ನಕ್ಕ. “ಒಂದೇ ಮಾತಲ್ಲಿ ಮುಗಿಸಿಬಿಟ್ಟು ಈಗ ನಾನೆಲ್ಲಿ ಅಂತಿದ್ದಾನೆ ನೋಡು. ಹೋಗ್ಲಿ ಬಾರೋ, ನಿನ್ನ ದೆಸೆಯಿಂದ ನಮಗೆ ಹನ್ನೆರಡರ ಬಸ್ಸು ಸಿಕ್ತು.”

ನಾನು ವಕೀಲರಿಗೆ, ಅಪೀಲು ಎಂಬುದಿದೆಯಲ್ಲ ಎಂದೆ. ಅದು ನನ್ನ ವಹಿಯಲ್ಲಿದ್ದ ಕೊನೆಯ ಪದ. ಬಲಗಡೆ ‘ಮೇಲಿನ ಕೋರ್ಟಿನಲ್ಲಿ ಮತ್ತೆ ಕೇಳುವುದು’ ಎಂದು ಬರೆದಿದ್ದೆ.

“ತಾನೇ ಒಪ್ಪಿದವನಿಗೆ ಅಪೀಲಿಲ್ಲ ಅಕ್ಕಾ. ಶಿಕ್ಷೆ ಹೆಚ್ಚಾಯ್ತು ಅಂತ ಬೇಕಾದ್ರೆ ಹೋಗ್ಬಹುದು. ಮಾಡ್ಲಿಲ್ಲ ಅಂತ ಹೋಗೂಕಾಗೂದಿಲ್ಲ.” ಫೈಲು ಕಟ್ಟುತ್ತ, “ಯಾರೋ ಅವನಿಗೆ ತಪ್ಪು ಹೇಳಿಕೊಟ್ಟಿದ್ದಾರೆ” ಎಂದರು.

ಅವಳು ನನ್ನನ್ನು ನೋಡಲಿಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು. ಗಂಡನ ಅಂಗಿಯ ಕಾಲರು ಒಳಗೆ ಮಡಚಿತ್ತು, ಅದನ್ನು ಹೊರಗೆಳೆದು ಸರಿಮಾಡಿದಳು. ಬಸ್ಸು ಹೊರಡುವವರೆಗೆ ಕಿಟಕಿಯ ಕಂಬಿ ಹಿಡಿದು ನಿಂತಿದ್ದಳು. ಅವನು ಒಳಗಿನಿಂದ ಅದೇ ಮಾತನ್ನು ಹೇಳುತ್ತಿದ್ದ, “ನಾನೆಲ್ಲಿ ಒಪ್ದೆ? ನೀನೇ ಹೇಳು, ನೀನು ಅಲ್ಲೇ ಇದ್ಯಲ್ಲ.”

ನಡೆದೇ ಬಂದೆವು. ನಮ್ಮ ಮನೆಯ ತಿರುವಿನಲ್ಲಿ ಅವಳು ನಿಂತಳು.

“ಹಂಗಾದ್ರೆ ಸರ ಇನ್ನು ಅವ್ರದ್ದೇ ಆಯ್ತಾ ಅಮ್ಮಾ?”

“ಹೌದು” ಎಂದೆ.

“ಬಿಚ್ಚಿ ತೋರ್ಸೂ ದಿನ ಅಂತ ಇಲ್ವಾ?”

ನಾನು ತಲೆಯಾಡಿಸಿದೆ. ಅವಳು ಸೆರಗನ್ನು ಎರಡು ಭುಜಕ್ಕೂ ಹೊದ್ದು, ತನ್ನ ಮಕ್ಕಳು ಶಾಲೆಯಿಂದ ಊಟಕ್ಕೆ ಬರುವ ಹೊತ್ತಾಯಿತು ಎಂದು ಹೊರಟುಹೋದಳು.

ಮಧ್ಯಾಹ್ನ ಉಂಡ ತಟ್ಟೆಯನ್ನು ನಾನೇ ತೊಳೆದೆ. ಅವಳು ಬೆಳಿಗ್ಗೆ ತಿಕ್ಕಿಟ್ಟ ಬಾಣಲೆ ಕಿಟಕಿಯಲ್ಲಿ ಬೋರಲು ಒಣಗುತ್ತಿತ್ತು. ವಹಿ ತೆಗೆದೆ. ಐದು ತಿಂಗಳಲ್ಲಿ ಎರಡು ಪುಟ ತುಂಬಿತ್ತು. ಎಲ್ಲರಿಗೂ ಗೊತ್ತಿರುವ, ಅರ್ಥ ಬೇಡದ ಪದವೊಂದನ್ನು ಮಾತ್ರ ನಾನು ಬರೆದಿರಲಿಲ್ಲ. ಮಗಳು ಬಂದು ತನ್ನ ಹಳೆಯ ವಹಿ ಯಾಕೆ ಎಂದು ಕೇಳಿದಳು. ಒಲೆಯ ಹಿಂದಿನ ಪೇಪರಿನ ಕಟ್ಟಿಗೆ ಸೇರಿಸಿದೆ.

ಐದೂವರೆ ಗಂಟೆಗೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ಅತ್ತಿಗೆ ಕಾಂಪೌಂಡಿನ ಆಚೆ ನಿಂತಿದ್ದರು. ಇಳಿಬಿಸಿಲಿಗೆ ಅವರ ಕೊರಳಿನಲ್ಲಿ ಏನೋ ಹೊಳೆಯಿತು.

“ಬಂದ್ಯನೇ ಕೂಸೇ? ಒಪ್ಕಂಡನಡ? ನಮ್ಮನೆಯವ್ವು ಪೇಟೆಲಿ ಕೇಳ್ಕಂಡು ಬಂದ.”

“ಒಪ್ಪಿದ್ದ ಹೇಳಿ ಬರ್ಕಂಡ ಅತ್ತಿಗೆ.”

“ಪಾಪ. ಮಕ್ಕ ಇದ್ದಲಿ ಅದ್ಕೆ. ಆ ಹೆಣ್ಣನ್ನ ನೀ ಕೆಲಸದಿಂದ ಬಿಡಿಸಡ, ಅವ್ಳು ಎಂತ ಮಾಡಿದ್ದು?” ಎಂದರು, ನಿಜವಾದ ಮರುಕದಿಂದ. ಆಮೇಲೆ ಕತ್ತು ಬಗ್ಗಿಸಿ, ಕೂದಲು ಸರಿಸಿ, ಹಿಂಬದಿ ನನಗೆ ತೋರಿಸಿದರು.

“ಕೇಸು ಮುಗತ್ತಲಿ ಹೇಳಿ ಇವತ್ತೇ ಗಂಟು ಬಿಚ್ಚಿದ್ದು. ನೋಡು ಮಾರಾಯ್ತಿ, ಯನ್ನದಕ್ಕೆ ಕೊಕ್ಕೆ ಕೊಂಡಿ ಇತ್ತು ಹೇಳಿ ನೆನಪು, ಇದಕ್ಕೆ ತಿರುಪು ಇದ್ದು. ಬಿಚ್ಚಲೇ ಬರ್ತಿಲ್ಲೆ, ತಲೆ ಮೇಲಿಂದ ಹಾಕ್ಯಂಡೆ. ಅಡ್ಡಿಲ್ಲೆ ಬಿಡು, ಬಿದ್ದು ಹೋಪ ಹೆದರಿಕೆ ಇಲ್ಲೆ.”